ಪಡುವಲ ಗೋಡೆಯ ಮಣ್ಣು

ಊಟಕ್ಕೆ ಕೂತಾಗ ಮನೆ ಕಟ್ಟುವ ಮಾತು ಎತ್ತಬಾರದು ಎಂದು ಲತಾಮಣಿ ಕಟ್ಟಪ್ಪಣೆ ಮಾಡಿದ್ದಳು. ಎತ್ತಿದರೆ ಮುದ್ದೆ ತಟ್ಟೆಯಲ್ಲೇ ಆರುತ್ತಿತ್ತು. ಮಾವ ಅರ್ಧಕ್ಕೇ ಎದ್ದು ಕೈ ತೊಳೆಯುತ್ತಿದ್ದ. ಗಂಡ ಮಾತು ಬಿಡುತ್ತಿದ್ದ, ಮಗಳು ಊಟ ಬಿಡುತ್ತಿದ್ದಳು. ಆದರೂ ಆ ಭಾನುವಾರ ಹುರುಳಿಕಾಳಿನ ಬಸ್ಸಾರು ಇನ್ನೂ ತಟ್ಟೆಗೆ ಬೀಳುವ ಮೊದಲೇ ಮಂಜುಳಾ ಶುರು ಮಾಡಿದಳು.

"ಅಪ್ಪ, ತಳಪಾಯ ಕಲ್ಲಿಂದೇ ಇರಲಿ. ಗೋಡೆ ಮಾತ್ರ ಮಣ್ಣು, ಹುಲ್ಲು. ಮೇಲೆ ಹೆಂಚು. ಒಂದೇ ಒಂದು ಸಲ ಪೂರ್ತಿ ಕೇಳಿ."

"ಪೂರ್ತಿ ಕೇಳಿದೀನಿ, ಹತ್ತು ಸಲ," ಎಂದ ದೇವರಾಜ್. "ಆ ಬೀದೀಲಿ ಎಲ್ಲರದ್ದೂ ತಾರಸಿ ಮನೆ. ಮಧ್ಯದಲ್ಲಿ ನಮ್ಮದೊಂದು ಗುಡಿಸಲು."

"ಗುಡಿಸಲಲ್ಲ, ಮನೆ."

ದೇವರಾಜ್ ಅರಸೀಕೆರೆಯ ಸರ್ಕಾರಿ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ವಯಸ್ಸು ನಲವತ್ತೈದು. ರೈಲ್ವೆ ಸ್ಟೇಷನ್ನಿನ ಹಿಂದೆ ಶೀಟಿನ ಬಾಡಿಗೆ ಮನೆಯಲ್ಲಿ ಹದಿನೈದು ವರ್ಷ ಕಳೆದು, ಕೊನೆಗೆ ಹಾಸನ ರಸ್ತೆಯ ಹೊಸ ಬಡಾವಣೆಯಲ್ಲಿ ಒಂದು ಸೈಟು ಮಾಡಿಕೊಂಡಿದ್ದ. ಮಗಳು ಹಾಸನದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಆರು ತಿಂಗಳು ಮಣ್ಣಿನ ಮನೆ ಕಟ್ಟುವ ತರಬೇತಿಗೆ ಹೋಗಿ ಬಂದಿದ್ದಳು. ಹೋಗುವಾಗ ಚೆನ್ನಾಗಿದ್ದ ಹುಡುಗಿ, ಬರುವಾಗ ಹಿಮ್ಮಡಿ ಒಡೆದುಕೊಂಡು ತಲೆ ತುಂಬ ಮಣ್ಣು ತುಂಬಿಕೊಂಡು ಬಂದಳು ಎಂದು ಅವನು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡಿದ್ದುಂಟು.

ಅವನ ಅಪ್ಪ ಜವರಪ್ಪನಿಗೆ ತಮಾಷೆಯೇನೂ ಕಾಣುತ್ತಿರಲಿಲ್ಲ. ಮೂವತ್ತಾರು ವರ್ಷ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. "ಮಣ್ಣಿನ ಗೋಡೇಲಿ ಹುಟ್ಟಿ, ಹುಲ್ಲಿನ ಸೂರಿನಲ್ಲಿ ಬೆಳೆದೋನು ನಾನು. ಎರಡು ಸರ್ತಿ ಬೆಂಕಿ ಬಿತ್ತು ಆ ಹಟ್ಟಿಗೆ," ಎಂದು ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋದ ಕಡೆ ಎಡಗೈ ಚಾಚಿದ. "ಅವ್ರು ಓದಿ ಅಂದಿದ್ದು ಮತ್ತೆ ಮಣ್ಣಿಗೇ ಹೋಗಾಕಾ?"

"ನನಗಂತೂ ಶೀಟಿನ ಕೆಳಗೆ ಬೆಂದು ಸಾಕಾಗಿದೆ ಮಾವ," ಎಂದಳು ಲತಾಮಣಿ. ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. "ತಣ್ಣಗಿರುತ್ತೆ ಅಂದ್ರೆ ಮಣ್ಣಾದ್ರೂ ಸರಿ, ಇನ್ನೊಂದಾದ್ರೂ ಸರಿ. ಮೊದಲು ಊಟ ಮಾಡಿ."

ಆಗ ಬಾಗಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದ ಹನುಮಮ್ಮ ತಲೆ ಎತ್ತಿದಳು. ದೇವರಾಜನ ತಾಯಿ. ಎಪ್ಪತ್ತು ದಾಟಿತ್ತು, ಕಣ್ಣಿಗೆ ಪೊರೆ ಬಂದು ಮುಖಗಳೆಲ್ಲ ಮಸುಕು.

"ಮಣ್ಣು ಎಲ್ಲಿಂದ ತತ್ತೀಯೇ?" ಎಂದು ಮೊಮ್ಮಗಳನ್ನು ಕೇಳಿದಳು.

ಗಂಡನಿಗೆ ರೈಲ್ವೆ ಕ್ವಾರ್ಟರ್ಸ್ ಸಿಕ್ಕಿ ಊರಾಚೆಯ ಹಟ್ಟಿ ಬಿಟ್ಟು ಬಂದ ಮೇಲೆ ಹನುಮಮ್ಮ ಮಣ್ಣಿನ ಮಾತು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಅದಕ್ಕೂ ಮೊದಲು ಅವಳದ್ದು ಅದೇ ಕಸುಬು. ಮಣ್ಣಿಗೆ ಹುಲ್ಲು ಸೇರಿಸಿ ತುಳಿದು, ಮುದ್ದೆ ಮಾಡಿ, ಮೊಳದೆತ್ತರ ಮೊಳದೆತ್ತರ ಗೋಡೆ ಇಡುವುದು. ಗಂಡಸಿ ಹೋಬಳಿಯ ಸುತ್ತಮುತ್ತ ಅವಳು ಇಟ್ಟ ಗೋಡೆಗಳು ಇನ್ನೂ ನಿಂತಿದ್ದವು. ಗೋಡೆ ಏಳುವವರೆಗೆ ಅವಳು ಮನೆಯ ಒಳಗೆ. ಹೆಂಚು ಹೊದಿಸಿ ಹಾಲು ಉಕ್ಕಿಸಿದ ಮೇಲೆ ಅದೇ ಮನೆಯ ಬಾಗಿಲಾಚೆ ನಿಂತು ಸೆರಗಿಗೆ ಕೂಲಿ ರಾಗಿ ಹಾಕಿಸಿಕೊಂಡು ಬರುತ್ತಿದ್ದಳು.

"ಎಲ್ಲಿಂದ ತಂದ್ರೆ ಚೆನ್ನ ಅಜ್ಜಿ?"

"ಹಟ್ಟಿ ಹಿಂದಿನ ಗುಂಡಿ ಮಣ್ಣು. ಬ್ಯಾರೆ ಯಾವ್ದೂ ಆಗಾಕಿಲ್ಲ." ಹನುಮಮ್ಮ ಸೊಪ್ಪಿನ ಕಡ್ಡಿಗಳನ್ನು ಬದಿಗೆ ಸರಿಸಿದಳು. "ಅಷ್ಟೂ ಮನೆ ಕಟ್ಟಿವ್ನಿ. ನಂಗೇ ಅಂತ ಒಂದು ಕಟ್ಕಂಡಿಲ್ಲ. ನೀವು ಹೂಂ ಅಂದ್ರೆ ನಾನು ನಿಂತು ಇಡಿಸ್ತೀನಿ."

ಜವರಪ್ಪ ಹೆಂಡತಿಯ ಕಡೆ ನೋಡಿದ, ನೋಡಿ ಮುದ್ದೆ ಮುರಿದ. ಅದು ಅವನ ಒಪ್ಪಿಗೆ. ಎಲ್ಲರೂ ದೇವರಾಜನ ಮುಖ ನೋಡಿದರು.

"ಆಯ್ತು," ಎಂದ ಅವನು.

ಆಯ್ತು ಅಂದದ್ದು ಬಾಯಿ ಮಾತ್ರ. ಹತ್ತು ವರ್ಷದವನಿದ್ದಾಗ ಸ್ಕೂಲು ಬಿಟ್ಟ ಮೇಲೆ ಅವ್ವನ ಜೊತೆ ಆ ಗುಂಡಿಗಿಳಿದು ಮಂಡಿಯುದ್ದ ಕೆಸರು ತುಳಿಯುತ್ತಿದ್ದ. ಕ್ಲಾಸಿನಲ್ಲಿ ಮೊದಲನೆಯವನಾಗಿ ಪಾಸಾದ ವರ್ಷವೂ ಹುಡುಗರು ಅವನನ್ನು ಹೆಸರಿಂದ ಕರೆಯಲಿಲ್ಲ. 'ಮಣ್ತುಳಿಯೋಳ ಮಗ' ಎಂದೇ ಕರೆದರು. ಅರಸೀಕೆರೆಗೆ ಬಂದಾಗ ಆ ಹೆಸರು ಹಟ್ಟಿಯಲ್ಲೇ ಉಳಿಯಿತು ಎಂದುಕೊಂಡಿದ್ದ.

ಶಿವರಾತ್ರಿ ಕಳೆದ ಮೇಲೆ ಕೆಲಸ ಶುರುವಾಯಿತು. ಹಟ್ಟಿಯಿಂದ ನಾಲ್ವರು ಹೆಂಗಸರು ದಿನವೂ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಹಟ್ಟಿಯವನೇ ಆದ ಗಿಡ್ಡಪ್ಪ ತನ್ನ ಹಳೆಯ ಟ್ರಾಕ್ಟರಿನಲ್ಲಿ ಮಣ್ಣು ತಂದು ಸುರಿದ. ಹನುಮಮ್ಮ ಒಂದು ಚಿಟಿಕೆ ಮಣ್ಣು ನಾಲಿಗೆಗಿಟ್ಟು ನೋಡಿದಳು, ನೀರು ಹಾಕಿ ಅಂಗೈಯಲ್ಲಿ ಹುರಿ ಹೊಸೆದಳು, ಹುರಿ ತುಂಡಾಗದೆ ಬಾಗಿದಾಗ "ಇದು ಹೇಳಿದ ಮಾತು ಕೇಳೋ ಮಣ್ಣು," ಎಂದಳು. ಕತ್ತರಿಸಿದ ಹುಲ್ಲು ಸೇರಿಸಿ, ನೀರು ಬಿಟ್ಟು, ಎಂಟು ದಿನ ಹುಳಿ ಬರಿಸಿ, ಮತ್ತೆ ತುಳಿಸಿದಳು. ಒಂದು ವರಸೆ ಇಟ್ಟ ಮೇಲೆ ಅದು ಬಿಗಿಯುವ ತನಕ ಇನ್ನೊಂದು ವರಸೆ ಇಡಲು ಬಿಡಲಿಲ್ಲ. ಮಂಜುಳಾ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡಳು.

ಮನೆಯ ದಿನಚರಿಯೇ ಬದಲಾಯಿತು. ಲತಾಮಣಿ ಡ್ಯೂಟಿಗೆ ಹೋಗುವ ಮುಂಚೆ ಎಂಟು ಜನರಿಗೆ ಮುದ್ದೆ, ಸಾರು ಮಾಡಿ ಕ್ಯಾರಿಯರಿಗೆ ತುಂಬಿಸುತ್ತಿದ್ದಳು. ಒಂದು ಮುದ್ದೆ ತಿನ್ನಲು ತಿಣುಕುತ್ತಿದ್ದ ಹನುಮಮ್ಮ ಈಗ ಎರಡು ಮುಗಿಸಿ ಇನ್ನೂ ಸಾರು ಕೇಳುತ್ತಿದ್ದಳು. ಜವರಪ್ಪ ಮೊದಲ ವಾರ ಕೊಡೆ ಹಿಡಿದು ಮುನಿಸಿಕೊಂಡು ಕುರ್ಚಿಯಲ್ಲಿ ಕೂತ. ಎರಡನೆಯ ವಾರದಲ್ಲಿ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, "ಒಂದೂವರೆ ಅಡಿ ದಪ್ಪ ಕಣ್ರೀ, ಗುಂಡು ಹೊಡೆದ್ರೂ ತೂತಾಗಾಕಿಲ್ಲ," ಅನ್ನತೊಡಗಿದ.

ದೇವರಾಜ್ ಮಾತ್ರ ಸ್ಕೂಲು ಬಿಟ್ಟು ಬಂದು ರಸ್ತೆಯ ಆಚೆ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ನೋಡಿ ಹೋಗುತ್ತಿದ್ದ. ಹೆಡ್‌ಮಾಸ್ಟರ್ ಜಯದೇವಪ್ಪನವರು ಒಂದು ದಿನ, "ಏನ್ರೀ ದೇವರಾಜ್, ಮಣ್ಣಲ್ಲಿ ಮನೆ ಕಟ್ತಿದೀರಂತೆ?" ಎಂದು ಕೇಳಿದಾಗ, "ಇಲ್ಲ ಸಾರ್, ಮಗಳ ಪ್ರಾಜೆಕ್ಟು. ಹಿಂದುಗಡೆ ಒಂದು ಶೆಡ್ ಥರ," ಎಂದುಬಿಟ್ಟ. ಹೇಳಿದ ಮೇಲೆ ಇಡೀ ಪಿರಿಯಡ್ ಬೋರ್ಡಿನ ಕಡೆಗೇ ಮುಖ ಮಾಡಿಕೊಂಡಿದ್ದ.

ಭಾನುವಾರ ಗಿಡ್ಡಪ್ಪನ ಜೊತೆ ಹೋಗಿ ಮಣ್ಣು ತುಂಬಿಸಿಕೊಂಡು ಬರುವುದು ಅವನ ಪಾಲಿನ ಕೆಲಸ. ಮೂರನೆಯ ಲೋಡಿನ ದಿನ ಅವನು ಪ್ಯಾಂಟು ಮಡಚಿ ಗುಂಡಿಯ ಅಂಚಿನಲ್ಲಿ ನಿಂತಿದ್ದಾಗ ಪಕ್ಕದ ತೆಂಗಿನ ತೋಟದಿಂದ ಬೈಕು ಬಂದು ನಿಂತಿತು. ಚೇತನ್‌ಕುಮಾರ್. ಊರಿನ ನಂಜುಂಡಯ್ಯನವರ ಮಗ, ದೇವರಾಜನ ಜೊತೆ ನಾಲ್ಕನೆಯ ಕ್ಲಾಸಿನವರೆಗೆ ಓದಿದವನು.

"ಏನ್ ಮೇಷ್ಟ್ರೇ, ಮತ್ತೆ ಗುಂಡಿಗಿಳಿದ್ರಾ?" ಎಂದು ನಕ್ಕ. "ಹನುಮಮ್ಮ ಇನ್ನೂ ತುಳೀತಾಳಾ?"

ಅದರಲ್ಲಿ ಕೆಡುಕು ಇತ್ತೋ ಇಲ್ಲವೋ. ಬರಿಯ ಹಳೆಯ ಸಲಿಗೆಯೇ ಇದ್ದೀತು. ದೇವರಾಜನಿಗೆ ಮಾತ್ರ ಆ ಹಳೆಯ ಹೆಸರೇ ಕೇಳಿಸಿತು. "ಹೂಂ, ಹೀಗೇ ಸುಮ್ನೆ," ಎಂದು ಪ್ಯಾಂಟು ಕೆಳಗೆ ಬಿಟ್ಟುಕೊಂಡ.

ಮುಂದಿನ ಭಾನುವಾರ ಪಡುವಲ ಗೋಡೆಗೆಂದು ಕೊನೆಯ ಮಣ್ಣು ಬೇಕಿತ್ತು. ಟ್ರಾಕ್ಟರ್ ಅರಸೀಕೆರೆ ದಾಟುತ್ತಿದ್ದಂತೆ ದೇವರಾಜ್ ರಸ್ತೆ ಬದಿಯ ಬೀಳು ಜಾಗ ತೋರಿಸಿದ. ಯಾರೋ ಬಡಾವಣೆಗೆಂದು ಅಗೆದು ಗುಡ್ಡೆ ಹಾಕಿದ್ದ ಮಣ್ಣು.

"ಇಲ್ಲೇ ತುಂಬಿಸು ಗಿಡ್ಡಪ್ಪ. ಇದೂ ಕೆಂಪೇ ಅಲ್ವಾ?"

"ಅಯ್ಯೋ, ಇದು ಚೌಳು ಮಣ್ಣು ಕಣ್ ದೇವಣ್ಣ. ಕೆಳಗೆ ನೋಡು, ಬೆಳ್ಳಗೆ ಉಪ್ಪು ಬಿಟ್ಟೈತೆ. ದೊಡ್ಡವ್ವ ನನ್ನ ಉಗೀತಾಳೆ."

"ಅವ್ವಂಗೆ ನಾನು ಹೇಳ್ಕೋತೀನಿ. ಅಷ್ಟು ದೂರ ಯಾಕೆ ಹೋಗೋದು, ಡೀಸೆಲ್ ದಂಡ. ನೀನು ಬಾಯಿ ಬಿಡಬೇಡ."

ಗಿಡ್ಡಪ್ಪ ತಲೆ ಕೆರೆದುಕೊಂಡ. ಹಿಂದಿನ ವರ್ಷ ಅವನ ಮಗಳಿಗೆ ಹಾಸನದ ಹಾಸ್ಟೆಲಿನಲ್ಲಿ ಸೀಟು ಕೊಡಿಸಲು ಓಡಾಡಿದ್ದು ದೇವರಾಜನೇ. ಅವನು ಬೇರೆ ಮಾತಾಡದೆ ಸನಿಕೆ ತೆಗೆದ.

ಹನುಮಮ್ಮ ಆ ಮಣ್ಣನ್ನು ಮುಟ್ಟಿದ ಕೂಡಲೇ ಕೈ ಹಿಂದಕ್ಕೆ ತೆಗೆದಳು. "ಇದು ನಮ್ ಗುಂಡೀದಲ್ಲ ಕಣೋ."

"ಅದೇ ಗುಂಡೀದು ಅವ್ವ. ಒಂಚೂರು ಆ ಕಡೆ ಮೂಲೇಲಿ ಅಗೆದ್ವಿ."

ಅವಳು ಚಿಟಿಕೆ ನಾಲಿಗೆಗಿಟ್ಟಳು. "ಉಪ್ಪುಪ್ಪಾಗೈತೆ."

"ಮೊನ್ನೆ ಜ್ವರ ಬಂದಿತ್ತಲ್ಲ, ಬಾಯಿ ರುಚಿ ಕೆಟ್ಟಿರುತ್ತೆ."

ಹುರಿ ಹೊಸೆಯಲು ನೋಡಿದಳು. ತುಂಡಾಯಿತು. ಇನ್ನಷ್ಟು ನೀರು ಹಾಕಿ ಮತ್ತೆ ಹೊಸೆದಳು. ಆಮೇಲೆ ಪೊರೆ ಬಂದ ಕಣ್ಣನ್ನು ಮಗನ ಮುಖದ ಕಡೆ ತಿರುಗಿಸಿ, "ನೀನೇ ನಿಂತು ತುಂಬಿಸಿದ್ಯಾ?" ಎಂದು ಕೇಳಿದಳು.

"ಹೂಂ ಅವ್ವ. ನಾನೇ ನಿಂತಿದ್ದೆ."

"ಹಂಗಾರೆ ಸರಿ ಬಿಡು. ನನ್ ಕೈಗೇ ವಯಸ್ಸಾತು."

ಇನ್ನೇನು, ಒಂದು ಗೋಡೆ, ಮೇಲೆ ಹೇಗೂ ಹೆಂಚು ಬರುತ್ತದೆ ಎಂದು ದೇವರಾಜ್ ತನಗೆ ತಾನೇ ಸಮಾಧಾನ ಹೇಳಿಕೊಂಡು ಸ್ಕೂಟರ್ ಹತ್ತಿದ.

ಏಪ್ರಿಲ್ ಕೊನೆಗೆ ನಾಲ್ಕೂ ಗೋಡೆ ನಿಂತವು. ಮೇಲೆ ತೆಂಗಿನ ಗರಿ ಹೊದಿಸಿ, ಬಡಗಿಗಾಗಿ ಕಾಯುತ್ತಿದ್ದರು. ಆ ವಾರವೇ ಗಂಡಸಿ ಕಡೆಯ ಒಂದು ಹಳ್ಳಿಯಿಂದ ದ್ರಾಕ್ಷಾಯಣಿ ಎಂಬ ಅಂಗನವಾಡಿ ಟೀಚರು ಆರು ಜನ ಹೆಂಗಸರನ್ನು ಕರೆದುಕೊಂಡು ಬಂದಳು. ಅವರ ಮಹಿಳಾ ಸಂಘದವರು ಮಕ್ಕಳಿಗೊಂದು ಕೋಣೆ ಕಟ್ಟಬೇಕೆಂದಿದ್ದರು.

"ಒಳಗೆ ಕಾಲಿಟ್ರೆ ಮಡಕೆ ನೀರಿನಷ್ಟು ತಂಪು," ಎಂದು ದ್ರಾಕ್ಷಾಯಣಿ ಗೋಡೆ ಸವರಿದಳು. "ನಮಗೂ ಇಂಥದ್ದೇ ಬೇಕು. ಹನುಮಮ್ಮನೋರೇ, ಮೇಸ್ತ್ರಿಯಾಗಿ ನೀವೇ ಬರಬೇಕು."

"ಮೇಸ್ತ್ರಿಯಂತೆ!" ಹನುಮಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆ ದಿನ ಮನೆಗೆ ಬಂದವಳು ತಾನೇ ಕೋಲು ಹಿಡಿದು ಮುದ್ದೆ ತಿರುವಿದಳು. ಜವರಪ್ಪ ಪ್ರತಿ ಮಾತಿಗೂ "ಹೇಳಿ ಮೇಸ್ತ್ರಿಗಳೇ," ಎಂದು ರೇಗಿಸಿದ. ಲತಾಮಣಿ ಮಾತ್ರ ದೇವರಾಜನಿಗೆ ಹೇಳಿದಳು: "ರೀ, ಆ ಪಡುವಲ ಗೋಡೆ ಬುಡದಲ್ಲಿ ಬಿಳೀ ಪುಡಿ ಉದುರ್ತಿದೆ, ನೋಡಿದ್ರಾ?"

"ಸುಣ್ಣ ಚೆಲ್ಲಿರಬೇಕು," ಎಂದ ಅವನು. ಸುಣ್ಣವನ್ನು ಅವರಿನ್ನೂ ತಂದೇ ಇರಲಿಲ್ಲ.

ಮೇ ತಿಂಗಳ ಎರಡನೆಯ ವಾರ, ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ ಎದ್ದು ಆಲಿಕಲ್ಲಿನ ಮಳೆ ಸುರಿಯಿತು. ಗರಿಗಳು ಹಾರಿಹೋದವು. ಒಳಗೆ ಪಡುವಲ ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ಜವರಪ್ಪ, ನೆನೆಯುತ್ತೀನಿ ಎಂದು ಎದುರಿನ ಅಂಗಡಿಗೆ ಓಡಿದ. ಅವನು ಟೀಗೆ ಹೇಳಿ ತಿರುಗಿ ನೋಡುವಷ್ಟರಲ್ಲಿ ಗೋಡೆ ಮೊಣಕಾಲು ಮಡಚಿ ಕೂತಂತೆ ಬುಡದಲ್ಲಿ ಕುಸಿದು, ಒಳಕ್ಕೆ ಬಾಗಿ, ಕುರ್ಚಿಯ ಮೇಲೆ ಬಿತ್ತು. ಉಳಿದ ಮೂರು ಗೋಡೆಗಳು ನೆನೆದು ಕಪ್ಪಾಗಿ ನಿಂತೇ ಇದ್ದವು.

ದೇವರಾಜ್ ಬರುವ ಹೊತ್ತಿಗೆ ಬೀದಿಯ ಜನ ಕೊಡೆ ಹಿಡಿದು ಸೇರಿದ್ದರು. "ಮಣ್ಣಂದ್ರೆ ಮಣ್ಣೇ ಸ್ವಾಮಿ," ಎಂದರು ಯಾರೋ. "ಯಜಮಾನರ ಆಯಸ್ಸು ಗಟ್ಟಿ." ಗುಡ್ಡೆಯ ಪಕ್ಕ ಹನುಮಮ್ಮ ತೊಯ್ದ ಸೀರೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಅಡಿಯಲ್ಲಿ ಕುರ್ಚಿಯ ಒಂದು ಕಾಲು ಕಾಣುತ್ತಿತ್ತು.

"ನಿಮ್ಮಪ್ಪನ್ನ ಕೊಂದ್ಬಿಡ್ತಿದ್ದೆ ಕಣೋ," ಎಂದಳು. "ನನ್ ಕೈ ತಪ್ತು."

ಅಪ್ಪ ಉಳಿದ ಎನ್ನುವುದಕ್ಕೂ ಮೊದಲು ದೇವರಾಜನ ಎದೆಯೊಳಗೆ ಬಂದ ಭಾವನೆ ಇನ್ನೊಂದು. ಸದ್ಯ, ಇನ್ನು ಈ ಮಣ್ಣಿನ ಸಹವಾಸ ಮುಗಿಯಿತು, ತಾರಸಿ ಹಾಕಿಸಬಹುದು. ಅದು ಬಂದದ್ದು ಒಂದೇ ಕ್ಷಣ. ಆದರೆ ಬಂದದ್ದು ನಿಜ ಎಂದು ಅವನಿಗೆ ಗೊತ್ತಿತ್ತು. ಅವ್ವನ ರೆಟ್ಟೆ ಹಿಡಿದು ಎಬ್ಬಿಸುವಾಗ ಅವಳ ಕಡೆ ನೋಡಲಾಗಲಿಲ್ಲ.

ಆಮೇಲೆ ಹನುಮಮ್ಮ ಸೈಟಿನ ಕಡೆ ಹೋಗಲಿಲ್ಲ. ಮುದ್ದೆ ಕೋಲನ್ನು ಸೊಸೆಗೆ ಕೊಟ್ಟು, "ನೀನೇ ತಿರುವವ್ವ. ನಂಗೆ ಹದ ತಿಳೀತಿಲ್ಲ," ಎಂದಳು. ಲತಾಮಣಿ ಬೆಳಗ್ಗೆ ಡ್ಯೂಟಿಯ ಅವಸರದಲ್ಲಿ ತಿರುವಿದ ಮುದ್ದೆಯಲ್ಲಿ ಗಂಟು ಉಳಿಯುತ್ತಿತ್ತು. ಯಾರೂ ಏನೂ ಅನ್ನದೆ ನುಂಗುತ್ತಿದ್ದರು. ಸುದ್ದಿ ಕೇಳಿ ದ್ರಾಕ್ಷಾಯಣಿ ಬಂದಾಗ, ಅವಳು ಬಾಯಿ ತೆರೆಯುವ ಮೊದಲೇ ಹನುಮಮ್ಮ, "ಬ್ಯಾಡ ಕಣವ್ವ. ಮಕ್ಕಳು ಕೂರೋ ಜಾಗ. ಸಿಮೆಂಟಲ್ಲೇ ಕಟ್ಟಿಸ್ಕಳಿ," ಎಂದು ಕೈ ಮುಗಿದಳು.

ಮಂಜುಳಾ ಅಷ್ಟಕ್ಕೆ ಬಿಡುವವಳಲ್ಲ. ಹತ್ತು ಹನ್ನೆರಡು ದಿನ ಕಳೆದ ಮೇಲೆ ನಾಲ್ಕು ಗಾಜಿನ ಬಾಟಲಿಗಳಿಗೆ ನಾಲ್ಕೂ ಗೋಡೆಯ ಮಣ್ಣು ಹಾಕಿ, ನೀರು ತುಂಬಿ, ಕಲಕಿ ಕಿಟಕಿಯಲ್ಲಿಟ್ಟಳು. ಎರಡನೆಯ ದಿನ ಊಟದ ಹೊತ್ತಿಗೆ ಅವನ್ನು ತಂದು ಎಲ್ಲರ ನಡುವೆ ಇಟ್ಟಳು.

"ನೋಡಿ ತಾತ. ಮೂರರಲ್ಲೂ ಕೆಳಗೆ ಮರಳು, ಮೇಲೆ ಇಷ್ಟು ದಪ್ಪ ಜೇಡಿ. ಇದು ಪಡುವಲ ಗೋಡೇದು. ಜೇಡಿಯೇ ಇಲ್ಲ. ಇದರ ನೀರು ಬತ್ತಿಸಿದ್ರೆ ತಳದಲ್ಲಿ ಉಪ್ಪು. ಅಜ್ಜಿ ಕೈ ತಪ್ಪಿಲ್ಲ. ಈ ಮಣ್ಣೇ ಆ ಗುಂಡೀದಲ್ಲ."

ಜವರಪ್ಪ ತಟ್ಟೆ ದೂಡಿದ. "ಆ ಟ್ರಾಕ್ಟರಿನೋನು! ಡೀಸೆಲ್ ಉಳಿಸಾಕೆ ಎಲ್ಲಿಂದ್ಲೋ ತುಂಬ್ಕಂಡು ಬಂದವ್ನೆ. ಅಲ್ವೇನ್ಲಾ ದೇವ?"

ಎಲ್ಲರೂ ದೇವರಾಜನ ಕಡೆ ತಿರುಗಿದರು. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ.

"ಇರಬಹುದು," ಎಂದ ಅವನು.

ಮಾರನೆಯ ಬೆಳಗ್ಗೆ ಜವರಪ್ಪ ಮೊದಲ ಬಸ್ಸಿಗೇ ಹೋಗಿ ಹಟ್ಟಿಯ ಅರಳಿಕಟ್ಟೆಯಲ್ಲಿ ಹತ್ತು ಜನರೆದುರು ಗಿಡ್ಡಪ್ಪನ ಮಾನ ಕಳೆದು, ಅವನನ್ನು ಮನೆಗೆ ಎಳೆದುಕೊಂಡೇ ಬಂದ. ಗಿಡ್ಡಪ್ಪ ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ಟವೆಲ್ ಕೈಲಿ ಹಿಡಿದು ನಿಂತ.

"ಒಳಗೆ ಬಾರ್ಲಾ," ಎಂದಳು ಹನುಮಮ್ಮ. "ಚೌಳು ಮಣ್ಣು ತಂದ್ಯೇನ್ಲಾ ನಂಗೆ?"

ಗಿಡ್ಡಪ್ಪ ಒಂದೇ ಒಂದು ಸಲ ದೇವರಾಜನ ಕಡೆ ನೋಡಿದ. ದೇವರಾಜ್ ಸ್ಕೂಲಿಗೆ ಹೊರಟವನಂತೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಬೇಸಿಗೆ ರಜ ಇನ್ನೂ ಮುಗಿದಿರಲಿಲ್ಲ.

"ತಪ್ಪಾತು ದೊಡ್ಡವ್ವ," ಎಂದ ಗಿಡ್ಡಪ್ಪ.

ಹನುಮಮ್ಮನ ಮುಖ ಮಗನ ಕಡೆ ತಿರುಗಿತು. "ನೀನೇ ನಿಂತು ತುಂಬಿಸ್ದೆ ಅಂದಿದ್ಯಲ್ಲೋ?"

"ನಡುವೆ ಟೀ ಕುಡಿಯೋಕೆ ಹೋಗಿದ್ದೆ ಅವ್ವ."

"ಟೀ ಕುಡಿಯೋಕೆ," ಎಂದಳು ಅವಳು. ಲತಾಮಣಿ ಕಾಫಿ ತರುವಷ್ಟರಲ್ಲಿ ಗಿಡ್ಡಪ್ಪ ಮೆಟ್ಟಿಲಿಳಿದು ಹೋಗಿದ್ದ.

ಆಮೇಲಿನ ನಾಲ್ಕು ದಿನ ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಊಟದ ಹೊತ್ತಿಗೆ ಊಟ, ಕಾಫಿ ಹೊತ್ತಿಗೆ ಕಾಫಿ. ಹನುಮಮ್ಮ ಮಗನಿಗೆ ನೀರಿನ ಚೊಂಬು ತಂದಿಡುತ್ತಿದ್ದಳು, ಆದರೆ 'ಮಗ' ಅನ್ನುತ್ತಿರಲಿಲ್ಲ. ಐದನೆಯ ದಿನ ಲತಾಮಣಿ ಆಸ್ಪತ್ರೆಯಿಂದ ಬಂದು ಚೀಲ ಇಳಿಸುತ್ತಾ ಹೇಳಿದಳು: "ಹಟ್ಟಿಯ ಹೆಂಗಸು ಒಬ್ಬಳು ಡ್ರೆಸ್ಸಿಂಗಿಗೆ ಬಂದಿದ್ಲು. ಗಿಡ್ಡಪ್ಪನ ಟ್ರಾಕ್ಟರ್ ಯಾರೂ ಕರೀತಿಲ್ಲವಂತೆ. ದೊಡ್ಡವ್ವ ಅಂತ ಕರೆದೋಳಿಗೇ ಮೋಸ ಮಾಡಿದೋನು ಅಂತ. ಅವನ ಹೆಂಡ್ತಿ ಅವನ ಹತ್ರ ಮಾತು ಬಿಟ್ಟಿದಾಳಂತೆ."

"ಆಗ್ಲಿ ಬಿಡು, ಬುದ್ಧಿ ಬರ್ಲಿ," ಎಂದ ಜವರಪ್ಪ.

ದೇವರಾಜ್ ಕಾಫಿ ಲೋಟ ಕೆಳಗಿಟ್ಟ. "ಗಿಡ್ಡಪ್ಪ ಅಲ್ಲ ಅಪ್ಪ. ನಾನು."

"ಏನು ನೀನು?"

"ಆ ಮಣ್ಣು ತುಂಬು ಅಂತ ಹೇಳಿದ್ದು ನಾನು. ಅವನು ಬೇಡ ಅಂದ. ಚೌಳು ಅಂತಲೂ ಹೇಳಿದ. ಬಾಯಿ ಬಿಡಬೇಡ ಅಂದಿದ್ದೂ ನಾನೇ."

ಜವರಪ್ಪ ಎದ್ದು ನಿಂತ. ಕೈ ಎತ್ತಿದನೋ, ಗೋಡೆ ಹಿಡಿಯಲು ಚಾಚಿದನೋ ಗೊತ್ತಾಗಲಿಲ್ಲ. "ನನ್ ಬಾಯಿಂದ ಆ ಬಡವನ್ನ ಹಟ್ಟಿ ಮುಂದೆ ಉಗುಸ್ದಲ್ಲೋ! ಮೇಷ್ಟ್ರಂತೆ!"

"ಯಾಕಪ್ಪ?" ಎಂದಳು ಮಂಜುಳಾ. "ಮನೆ ಇಷ್ಟ ಇಲ್ಲ ಅಂದಿದ್ರೆ ಬಿಡ್ತಿದ್ವಿ."

ದೇವರಾಜ್, ಗುಂಡಿಯ ಬಳಿ ಚೇತನ್‌ಕುಮಾರ್ ಬೈಕು ನಿಲ್ಲಿಸಿದ್ದು ಹೇಳಿದ. ಆ ಚೇತನ್ ಕೇಳಿದ ಎರಡು ಮಾತು ಹೇಳಿದ. ಹೇಳುತ್ತಾ ಹೋದಂತೆ ಅದು ಎಷ್ಟು ಸಣ್ಣದು ಎಂದು ಅವನಿಗೇ ಅನ್ನಿಸಿತು.

"ಅಷ್ಟಕ್ಕಾ? ಅಜ್ಜಿ ಅಂದ್ರೆ ಅಷ್ಟು ನಾಚಿಕೆನಾ ನಿಮಗೆ?"

ಇಲ್ಲ ಎನ್ನುವುದು ಬಾಯಿವರೆಗೆ ಬಂತು. "ಹೂಂ," ಎಂದ. "ಆಗ್ತಿತ್ತು."

ಹನುಮಮ್ಮ ಬಾಗಿಲ ಬಳಿ ಕೂತಿದ್ದಳು. "ಗೊತ್ತಿತ್ತು," ಎಂದಳು. "ಟೀ ಅಂದ್ಯಲ್ಲ, ಆಗ್ಲೇ ಗೊತ್ತಾತು. ಆ ಗುಂಡಿ ತಾವ ಟೀ ಅಂಗಡಿ ಎಲ್ಲೈತೋ? ನೀನೇ ಬಾಯ್ಬಿಡ್ತೀಯೇನೋ ಅಂತ ನಾಕು ದಿನದಿಂದ ಕಾದೆ."

"ಅವ್ವ..."

"ನಾಚ್ಕೆ ನಂಗೂ ಆಗಿತ್ತು ಕಣೋ. ನಾನಿಟ್ಟ ಗೋಡೆ ಆಚೆ ನಿಂತು ಸೆರಗೊಡ್ಡುವಾಗ ಆಗ್ತಿರ್ಲಿಲ್ವಾ? ಆದ್ರೆ ಗೋಡೆ ಮೇಲೆ ಅದನ್ನ ತೋರಿಸ್ಲಿಲ್ಲ. ಒಂದು ಗೋಡೇನೂ ಕೆಡಿಸ್ಲಿಲ್ಲ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. "ಇದು ನಮ್ ಮಣ್ಣಲ್ಲ ಅಂತ ಕೈ ಹೇಳ್ತು, ನಾಲ್ಗೆ ಹೇಳ್ತು. ನೀನು ಹೌದು ಅಂದೆ. ನಿನ್ ಮಾತು ನಂಬಿ ನನ್ ಕೈನೇ ಸುಳ್ಳು ಅಂದ್ಕಂಡೆ. ಇಪ್ಪತ್ತು ದಿನ ಮುದ್ದೆ ಕೋಲು ಮುಟ್ಲಿಲ್ಲ ನಾನು."

ಲತಾಮಣಿ ಒಳಗೆ ಹೋಗಿ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡದೆ ನಿಂತಳು.

"ಗುಡ್ಡೆ ತೆಗೆಸಿ ಹೊಸದಾಗಿ ಇಡಿಸೋಣ ಅವ್ವ. ಆ ಗುಂಡಿಗೆ ನಾನೇ ಇಳೀತೀನಿ. ಯಾರು ನೋಡಿದ್ರೂ ಸರಿ," ಎಂದ ದೇವರಾಜ್.

"ಆ ಗೋಡೆ ನಾನು ಮುಟ್ಟಾಕಿಲ್ಲ. ಇಟ್ಟಿಗೇಲಿ ಕಟ್ಟಿಸ್ಕೋ." ಹನುಮಮ್ಮ ಎದ್ದಳು. "ಮೊದ್ಲು ಗಿಡ್ಡಪ್ಪನ ಮನೆಗೆ ಹೋಗು. ಆಮ್ಯಾಕೆ ಆ ಟೀಚರಮ್ಮನ ತಾವ ಹೋಗಿ ಗೋಡೆ ಯಾಕೆ ಬಿತ್ತು ಅಂತ ಹೇಳು. ನಾನು ಬತ್ತೀನಿ, ಇನ್ನೂ ಸಿಮೆಂಟು ತಂದಿಲ್ದಿದ್ರೆ ಅಂತಾನೂ ಹೇಳು."

ಅವನು ಆಗಲೇ ಸ್ಕೂಟರ್ ಹತ್ತಿದ. ಗಿಡ್ಡಪ್ಪ ಮನೆಯ ಮುಂದೆ ಟ್ರಾಕ್ಟರಿನ ಚಕ್ರ ತೊಳೆಯುತ್ತಿದ್ದ. ದೇವರಾಜ್ ತಡವರಿಸುತ್ತಾ ಶುರು ಮಾಡಿದಾಗ, "ನಂಗೆ ಯಾಕಣ್ಣ ಹೇಳ್ತೀಯ, ನಂಗೆ ಗೊತ್ತಲ್ಲ," ಎಂದ. "ಅವಳಿಗೆ ಹೇಳು."

ಗಿಡ್ಡಪ್ಪನ ಹೆಂಡತಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಕೇರುತ್ತಲೇ ಕೇಳಿದಳು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು. ಅವನು ಸ್ವರ ತಗ್ಗಿಸಲಿಲ್ಲ. ಮುಗಿದ ಮೇಲೆ ಅವಳು, "ಹೇಳಿದ್ರಲ್ಲ, ಸಾಕು," ಎಂದಳು. ಕೂತ್ಕೊಳ್ಳಿ ಅನ್ನಲಿಲ್ಲ. ಹಟ್ಟಿಯಲ್ಲಿ ಹುಟ್ಟಿದ ಮೇಲೆ ಹಟ್ಟಿಯ ಮನೆಯ ಮುಂದೆ ಅವನು ನಿಂತೇ ವಾಪಸ್ಸು ಬಂದದ್ದು ಅದೇ ಮೊದಲು.

ದ್ರಾಕ್ಷಾಯಣಿಗೆ ಹೇಳುವಾಗ ಸಂಘದ ಹೆಂಗಸರೂ ಇದ್ದರು. ಅವರಲ್ಲೊಬ್ಬಳು, "ಓದಿದೋರು ಹಿಂಗೂ ಮಾಡ್ತಾರಾ?" ಎಂದು ಪಕ್ಕದವಳನ್ನು ಮೆಲ್ಲಗೆ ಕೇಳಿದ್ದು ಅವನಿಗೂ ಕೇಳಿಸಿತು. ಸಿಮೆಂಟು ಇನ್ನೂ ಬಂದಿರಲಿಲ್ಲ.

ಜೂನ್‌ನಲ್ಲಿ ಹನುಮಮ್ಮ ಮಂಜುಳಾಳ ಜೊತೆ ಹೋದಳು. ದ್ರಾಕ್ಷಾಯಣಿಯ ಮನೆಯ ಪಡಸಾಲೆಯಲ್ಲೇ ಇಬ್ಬರ ವಾಸ. ಹಟ್ಟಿಯ ಗುಂಡಿಯಿಂದ ಮಣ್ಣು ಹೊಡೆಯುವುದು ಗಿಡ್ಡಪ್ಪನ ಟ್ರಾಕ್ಟರೇ. ಮಳೆ ನಡುನಡುವೆ ಬಿಡುವು ಕೊಟ್ಟಾಗಲೆಲ್ಲ ಒಂದೊಂದು ವರಸೆ. ದೇವರಾಜ್ ಎರಡು ಭಾನುವಾರ ಹೋಗಿ ಪ್ಯಾಂಟು ಮಡಚಿ ಗುಂಡಿಗಿಳಿದು ಮಣ್ಣು ತುಂಬಿದ. ಹನುಮಮ್ಮ ಬೇಡವೆನ್ನಲಿಲ್ಲ. ಚೆನ್ನಾಗಿ ಮಾಡಿದೆ ಎಂದೂ ಅನ್ನಲಿಲ್ಲ. ಅವನು ತುಂಬಿದ ಲೋಡನ್ನೂ ಮಿಕ್ಕವರದ್ದರ ಹಾಗೆಯೇ ಚಿಟಿಕೆ ತೆಗೆದು ನಾಲಿಗೆಗಿಟ್ಟು ನೋಡಿದಳು, ಈ ಸಲ ಯಾರನ್ನೂ ಏನೂ ಕೇಳಲಿಲ್ಲ.

ಇತ್ತ ಅರಸೀಕೆರೆಯಲ್ಲಿ ಗಾರೆಯವರು ಬಂದು ಪಡುವಲ ಗೋಡೆಯನ್ನು ಇಟ್ಟಿಗೆಯಲ್ಲಿ ಎಬ್ಬಿಸಿದರು. ಹೆಂಚು ಹೊದಿಸಿದ್ದಾಯಿತು. ಲತಾಮಣಿ ಗಿಲಾವು ಮಾಡಿಸಿ ಒಂದೇ ಬಣ್ಣ ಬಳಿಸೋಣವೇ ಎಂದು ಕೇಳಿದಾಗ ಜವರಪ್ಪನೇ ಬೇಡವೆಂದ. "ಹಂಗೇ ಇರ್ಲಿ."

ಶ್ರಾವಣದಲ್ಲಿ ಹಾಲು ಉಕ್ಕಿಸಿದರು. ಹನುಮಮ್ಮ ಆ ದಿನ ಬೆಳಗಿನ ಬಸ್ಸಿಗೆ ಬಂದಿದ್ದಳು, ಸಂಜೆಯ ಬಸ್ಸಿಗೆ ವಾಪಸ್ಸು. ಅಂಗನವಾಡಿಯ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತಂತೆ. ಹೊಸ ಸೀರೆ ಉಟ್ಟು ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಬಂದವರೆಲ್ಲ ಮೂರು ಗೋಡೆ ಸವರಿ ನೋಡಿದರು, ತಂಪು ಅಂದರು, ಕೊನೆಗೆ ನಾಲ್ಕನೆಯದರ ಎದುರು ನಿಂತರು. ಬೆಳಗಿನಿಂದ ಮೂವರು ಅದೇನೆಂದು ಕೇಳಿದ್ದರು. ಮೂವರಿಗೂ ದೇವರಾಜ್ ಇದ್ದದ್ದನ್ನೇ ಹೇಳಿದ್ದ.

ಹನ್ನೊಂದರ ಹೊತ್ತಿಗೆ ಜಯದೇವಪ್ಪನವರು ಬಂದರು. ಪಾಯಸದ ಲೋಟ ಹಿಡಿದು ಮನೆಯೆಲ್ಲ ಸುತ್ತಿ, "ಶೆಡ್ ಅಂದಿದ್ರಲ್ರೀ, ಇದು ಅರಮನೆ ಇದ್ದ ಹಾಗಿದೆ," ಎಂದರು. "ಇದೊಂದು ಗೋಡೆ ಯಾಕೆ ಇಟ್ಟಿಗೆ?"

"ಮಣ್ಣಿಂದೇ ಇತ್ತು ಸಾರ್. ಬಿದ್ದೋಯ್ತು."

"ನೋಡಿ, ಮಣ್ಣಲ್ಲಿ ಅದೇ ತೊಂದರೆ."

"ಮಣ್ಣಿನ ತೊಂದರೆ ಅಲ್ಲ ಸಾರ್. ನಮ್ಮಮ್ಮ ಮೇಸ್ತ್ರಿ. ಅವರು ಹೇಳಿದ ಮಣ್ಣು ತರೋಕೆ ನನಗೆ ನಾಚಿಕೆ ಆಯ್ತು. ಬೇರೆ ಮಣ್ಣು ತಂದು ಅದೇ ಅಂತ ಸುಳ್ಳು ಹೇಳಿದೆ. ಬಿದ್ದ ಮೇಲೆ ಇನ್ನೊಬ್ಬರ ತಲೆಗೆ ಕಟ್ಟಿದೆ."

ಜಯದೇವಪ್ಪನವರು ಪಾಯಸದ ದ್ರಾಕ್ಷಿಯನ್ನು ಚಮಚದಿಂದ ಹುಡುಕತೊಡಗಿದರು. "ಹೋಗ್ಲಿ ಬಿಡಿ, ಈಗ್ಯಾಕೆ ಅದೆಲ್ಲ, ಒಳ್ಳೇ ದಿನ," ಎಂದರು.

ಚಾಪೆಯ ಮೇಲೆ ಹನುಮಮ್ಮ ಮಾತು ನಿಲ್ಲಿಸಿ ಇತ್ತ ಕಿವಿ ಕೊಟ್ಟಿದ್ದಳು. "ಮಂಜೀ, ಹೆಡ್‌ಮಾಸ್ಟ್ರಿಗೆ ಇನ್ನೊಂಚೂರು ಪಾಯಸ ಹಾಕೇ," ಎಂದಳು, ಮತ್ತೆ ಪಕ್ಕದವಳ ಕಡೆ ತಿರುಗಿದಳು. ಮಗನ ಕಡೆ ನೋಡಲಿಲ್ಲ.

ಹೊರಗೆ ಬಾಗಿಲಲ್ಲಿ ಇನ್ನೂ ನಾಲ್ಕು ಜನ ಚಪ್ಪಲಿ ಬಿಡುತ್ತಿದ್ದರು. ದೇವರಾಜ್ ಅವರನ್ನು ಒಳಗೆ ಕರೆಯಲು ಹೋದ.